ಜೇಮ್ಸ್ ಜೂಲ್: ಏಳನೆಯ ಪಾಠಕ್ಕೊಂದು ತಿದ್ದುಪಡಿ

ಅಭ್ಯಾಸ ಬೋಧನೆಯಲ್ಲಿ ನನ್ನ ಏಳನೆಯ ಪಾಠ ಹತ್ತನೆಯ ತರಗತಿಯ ವಿದ್ಯುಚ್ಛಕ್ತಿ ಘಟಕದ್ದು. ವಿಷಯ, ಜೂಲ್‌ನ ಉಷ್ಣೋತ್ಪನ್ನ ನಿಯಮ. ಪಾಠಯೋಜನೆ ಅಚ್ಚುಕಟ್ಟಾಗಿತ್ತು. ಪೀಠಿಕೆಗೆ ಇಸ್ತ್ರಿಪೆಟ್ಟಿಗೆ, ಆಮೇಲೆ ಸೂತ್ರ, ಕೊನೆಗೆ ಎರಡು ಲೆಕ್ಕ. ಜೂಲ್‌ನ ಬಗ್ಗೆ ಇದ್ದದ್ದು ಒಂದೇ ಸಾಲು: ಇಂಗ್ಲೆಂಡಿನ ವಿಜ್ಞಾನಿ, 1818ರಿಂದ 1889. ಚಾರ್ಟಿನಲ್ಲಿದ್ದ ಗಡ್ಡದ ಚಿತ್ರ ತೋರಿಸಿ ಮುಂದೆ ಹೋದೆ. ಪ್ರವಾಹದ ವರ್ಗ, ರೋಧ, ಕಾಲ ಈ ಮೂರನ್ನೂ ಗುಣಿಸಿದರೆ ಶಾಖ ಸಿಗುತ್ತದೆ ಎಂದು ಕಪ್ಪುಹಲಗೆಯ ಮೇಲೆ ಬರೆದು ಚೌಕ ಹಾಕಿದೆ.

ಗಂಟೆ ಹೊಡೆಯಲು ಹತ್ತು ನಿಮಿಷವಿದ್ದಾಗ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಆಟ ಆಡುತ್ತಿದ್ದರೆ ಮೊಬೈಲು ಬಿಸಿಯಾಗುತ್ತದಲ್ಲ, ಅದರೊಳಗೆ ಇಸ್ತ್ರಿಪೆಟ್ಟಿಗೆಯ ಹಾಗೆ ಕಾಯಿಲ್ ಇಲ್ಲವಲ್ಲ ಎಂದು ಕೇಳಿದಳು. ಅದರೊಳಗಿನ ಚಿಪ್‌ನ ರೋಧ ತುಂಬಾ ಹೆಚ್ಚು, ರೋಧ ಹೆಚ್ಚಾದಷ್ಟೂ ಶಾಖ ಹೆಚ್ಚು ಎಂದೆ. ಅವಳು ಕೂರಲಿಲ್ಲ. ಬ್ಯಾಟರಿ ಅದೇ ಆಗಿದ್ದು ರೋಧ ಹೆಚ್ಚಾದರೆ ಓಮ್‌ನ ನಿಯಮದಂತೆ ಪ್ರವಾಹ ಕಡಿಮೆಯಾಗಬೇಕು, ಪ್ರವಾಹಕ್ಕೆ ವರ್ಗ ಬೇರೆ ಇದೆ, ಹಾಗಾದರೆ ಶಾಖ ಕಡಿಮೆಯೇ ಆಗಬೇಕಲ್ಲವೇ ಎಂದಳು. ನಾಳೆ ನೋಡೋಣ ಎಂದು ಕೂರಿಸಿದೆ. ಆ ತರಗತಿಗೆ ನಾಳೆ ನನ್ನ ಪಾಠವೇ ಇರಲಿಲ್ಲ.

ಹಿಂದಿನ ಬೆಂಚಿನಲ್ಲಿ ಕೂತು ವೀಕ್ಷಿಸುತ್ತಿದ್ದ ಮೇಡಂ ಧ್ವನಿ, ಬರಹ, ತರಗತಿ ನಿರ್ವಹಣೆ ಎಲ್ಲಕ್ಕೂ ಒಳ್ಳೆಯ ಮಾತು ಬರೆದು, ವಿಷಯ ನಿರೂಪಣೆಯ ಅಂಕಣದಲ್ಲಿ ಮಾತ್ರ ಉತ್ತರ ತಪ್ಪು ಎಂದು ಗುರುತು ಹಾಕಿದ್ದರು. ಜೂಲ್ ಈ ನಿಯಮಕ್ಕೆ ಹೇಗೆ ಬಂದನೆಂದು ಓದಿಕೊಂಡು ಅದೇ ತರಗತಿಗೆ ಮರುಪಾಠ ಮಾಡಬೇಕೆಂದರು. ಒಬ್ಬನ ಜೀವನಚರಿತ್ರೆ ಓದಿದರೆ ಮೊಬೈಲು ಬಿಸಿಯಾಗುವುದು ಹೇಗೆ ತಿಳಿಯುತ್ತದೆ ಎಂದು ಒಳಗೊಳಗೇ ಗೊಣಗುತ್ತಾ ಗ್ರಂಥಾಲಯಕ್ಕೆ ಹೋದೆ.

ಜೇಮ್ಸ್ ಪ್ರೆಸ್ಕಾಟ್ ಜೂಲ್ ಹುಟ್ಟಿದ್ದು 1818ರ ಡಿಸೆಂಬರ್ 24ರಂದು, ಮ್ಯಾಂಚೆಸ್ಟರಿಗೆ ಅಂಟಿಕೊಂಡಿರುವ ಸಾಲ್ಫರ್ಡಿನಲ್ಲಿ. ತಂದೆಗೆ ಬಿಯರ್ ತಯಾರಿಸುವ ದೊಡ್ಡ ಕಾರ್ಖಾನೆ ಇತ್ತು. ಹುಡುಗನಿಗೆ ಬೆನ್ನುಮೂಳೆಯ ತೊಂದರೆ, ಸ್ವಭಾವದಲ್ಲಿ ಸಂಕೋಚ. ಓದು ಬಹುಪಾಲು ಮನೆಯಲ್ಲೇ ನಡೆಯಿತು. 1834ರಲ್ಲಿ ಅಣ್ಣನ ಜೊತೆಗೆ ಅವನನ್ನು ಪಾಠಕ್ಕೆ ಕಳಿಸಿದ್ದು ಜಾನ್ ಡಾಲ್ಟನ್‌ನ ಬಳಿಗೆ. ಪರಮಾಣುವಾದದ ಡಾಲ್ಟನ್‌ನೇ. ಆತ ಶುರು ಮಾಡಿದ್ದು ಪರಮಾಣುವಿನಿಂದಲ್ಲ, ಅಂಕಗಣಿತ ಮತ್ತು ರೇಖಾಗಣಿತದಿಂದ. 1837ರಲ್ಲಿ ಡಾಲ್ಟನ್‌ಗೆ ಪಾರ್ಶ್ವವಾಯು ಬಡಿದು ಪಾಠ ನಿಂತಿತು. ಜೂಲ್ ವಿಶ್ವವಿದ್ಯಾನಿಲಯದಲ್ಲಿ ಓದಲಿಲ್ಲ, ಮುಂದೆಯೂ ಯಾವ ವಿಶ್ವವಿದ್ಯಾನಿಲಯದಲ್ಲೂ ಹುದ್ದೆ ಹಿಡಿಯಲಿಲ್ಲ. ಕಾರ್ಖಾನೆಯ ಕೆಲಸ ಒಂದು ಕಡೆ, ತಂದೆಯ ಮನೆಯಲ್ಲೇ ಕಟ್ಟಿಕೊಂಡ ಪ್ರಯೋಗಶಾಲೆ ಇನ್ನೊಂದು ಕಡೆ.

ಶಾಖವನ್ನು ಅಳೆಯಬೇಕೆಂದು ಅವನು ಹೊರಟವನಲ್ಲ. ಅವನಿಗೆ ಬೇಕಿದ್ದದ್ದು ಮೋಟಾರು. ವಿದ್ಯುತ್ ಮೋಟಾರು ಆಗಷ್ಟೇ ಬಂದಿತ್ತು. ಕಾರ್ಖಾನೆಯ ಉಗಿಯಂತ್ರವನ್ನು ತೆಗೆದು ಬ್ಯಾಟರಿಯಿಂದ ಓಡುವ ಯಂತ್ರ ಕೂರಿಸಬಹುದೇ ಎಂಬ ಆಸೆ ಹತ್ತೊಂಬತ್ತು ವರ್ಷದ ಜೂಲ್‌ನದು. 1838ರಿಂದ ಅವನು ಬರೆದ ಮೊದಲ ಲೇಖನಗಳೆಲ್ಲ ಮೋಟಾರಿನ ಬಗ್ಗೆಯೇ. ಆದರೆ ಲೆಕ್ಕ ಹಾಕುತ್ತಾ ಹೋದಂತೆ ಆಸೆ ಕುಗ್ಗಿತು. ಬ್ಯಾಟರಿಯಲ್ಲಿ ಕರಗುವ ಒಂದು ಪೌಂಡ್ ಸತುವಿನಿಂದ ಸಿಗುವ ಕೆಲಸ, ಒಳ್ಳೆಯ ಉಗಿಯಂತ್ರದಲ್ಲಿ ಒಂದು ಪೌಂಡ್ ಕಲ್ಲಿದ್ದಲು ಕೊಡುವ ಕೆಲಸಕ್ಕಿಂತ ಎಷ್ಟೋ ಕಡಿಮೆ. ಸತುವಿನ ಬೆಲೆಯೋ ಕಲ್ಲಿದ್ದಲಿನ ಎಷ್ಟೋ ಪಟ್ಟು. ವ್ಯಾಪಾರಿ ಮನೆತನದವನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮೋಟಾರನ್ನು ಅಟ್ಟಕ್ಕೆ ಹಾಕಿ ಸುಮ್ಮನಾಗುತ್ತಿದ್ದರೇನೋ. ಜೂಲ್ ಹಾಗೆ ಮಾಡಲಿಲ್ಲ. ತಂತಿಗಳು ಬಿಸಿಯಾಗುತ್ತಿದ್ದವು. ಆ ಶಾಖವನ್ನೇ ಅಳೆಯಲು ಕೂತ.

1840ರಲ್ಲಿ ಅವನು ಮಾಡಿದ ಪ್ರಯೋಗ ನಮ್ಮ ಯಾವ ಶಾಲೆಯಲ್ಲಾದರೂ ಮಾಡಬಹುದಾದದ್ದು. ತೆಳು ಗಾಜಿನ ಕೊಳವೆಯ ಸುತ್ತ ತಂತಿ ಸುತ್ತಿ, ಅಳತೆ ಮಾಡಿದ ನೀರಿನಲ್ಲಿ ಮುಳುಗಿಸಿ, ಪ್ರವಾಹ ಹರಿಸಿ, ಉಷ್ಣತಾಮಾಪಕ ನೋಡುವುದು. ನನ್ನನ್ನು ತಡೆದು ನಿಲ್ಲಿಸಿದ್ದು ಅವನು ಕೆಲಸ ಮಾಡಿದ ಕ್ರಮ. ಮೊದಲು ಬೇರೆ ಬೇರೆ ರೋಧದ ಎರಡು ತಂತಿಗಳನ್ನು ಎರಡು ಪಾತ್ರೆಗಳಲ್ಲಿಟ್ಟು, ಒಂದೇ ಪ್ರವಾಹ ಎರಡರ ಮೂಲಕವೂ ಹಾದು ಹೋಗುವಂತೆ ಜೋಡಿಸಿದ. ಅಂದರೆ ಸರಣಿ ಜೋಡಣೆ. ಹಾಗೆ ಪ್ರವಾಹವನ್ನು ಸಮ ಮಾಡಿಟ್ಟುಕೊಂಡ ಮೇಲೆಯೇ ಶಾಖ ರೋಧಕ್ಕೆ ಅನುಪಾತದಲ್ಲಿದೆ ಎಂದು ಕಂಡ. ತಂತಿಯ ಲೋಹ ಯಾವುದು, ದಪ್ಪ ಎಷ್ಟು, ಆಕಾರ ಹೇಗೆ ಎಂಬುದೆಲ್ಲ ರೋಧದಲ್ಲೇ ಅಡಗಿಹೋಯಿತು. ಆಮೇಲೆ ಒಂದೇ ತಂತಿ ಇಟ್ಟುಕೊಂಡು ಪ್ರವಾಹ ಬದಲಿಸಿದ. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟು, ಮುಮ್ಮಡಿಯಾದರೆ ಒಂಬತ್ತು ಪಟ್ಟು.

ನನ್ನ ತಪ್ಪು ಇಲ್ಲಿ ಸಿಕ್ಕಿತು. ರೋಧ ಹೆಚ್ಚಾದಷ್ಟೂ ಶಾಖ ಹೆಚ್ಚು ಎಂಬುದು ಪ್ರವಾಹ ಬದಲಾಗದಿದ್ದಾಗ ಮಾತ್ರ ನಿಜ. ಪ್ರಯೋಗದಲ್ಲಿದ್ದ ಷರತ್ತನ್ನು ಬಿಟ್ಟು ನಾನು ಫಲಿತಾಂಶವನ್ನಷ್ಟೇ ತರಗತಿಗೆ ಕೊಟ್ಟಿದ್ದೆ. ಮನೆಯ ವೈರಿಂಗಿನಲ್ಲಿ ಬದಲಾಗದೆ ಇರುವುದು ಪ್ರವಾಹವಲ್ಲ, ವಿಭವಾಂತರ. ಅಲ್ಲಿ ರೋಧ ಕಡಿಮೆಯಾದರೆ ಪ್ರವಾಹ ಹೆಚ್ಚಿ ಶಾಖವೂ ಹೆಚ್ಚುತ್ತದೆ. 100 ವಾಟಿನ ಹಳೆಯ ಬಲ್ಬಿನ ತಂತುವಿನ ರೋಧ 40 ವಾಟಿನದಕ್ಕಿಂತ ಕಡಿಮೆಯೇ. ಹುಡುಗಿ ಹೇಳಿದ್ದು ಸರಿಯಾಗಿತ್ತು.

ಆ ವರ್ಷದ ಡಿಸೆಂಬರಿನಲ್ಲಿ ಜೂಲ್ ಇದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ. ಅಲ್ಲಿ ಸಣ್ಣ ಸಾರಾಂಶವೊಂದೇ ಅಚ್ಚಾಯಿತು. ಪೂರ್ತಿ ಲೇಖನ ಮರುವರ್ಷ ಬೇರೊಂದು ಪತ್ರಿಕೆಯಲ್ಲಿ ಬಂತು. ರಷ್ಯಾದಲ್ಲಿ ಲೆಂಜ್ ಸ್ವತಂತ್ರವಾಗಿ ಇದೇ ನಿಯಮಕ್ಕೆ ಬಂದದ್ದರಿಂದ ಕೆಲವು ಪುಸ್ತಕಗಳಲ್ಲಿ ಇಬ್ಬರ ಹೆಸರೂ ಇರುತ್ತದೆ.

ಮುಂದಿನ ಪ್ರಶ್ನೆ ಇನ್ನೂ ದೊಡ್ಡದು. ಶಾಖವೆಂದರೆ ಹುಟ್ಟದ, ಸಾಯದ ಒಂದು ದ್ರವ್ಯ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತದೆ ಅಷ್ಟೇ ಎಂದು ಆಗ ಬಹಳ ಜನ ನಂಬಿದ್ದರು. ಹಾಗಿದ್ದರೆ ತಂತಿಗೆ ಬಂದ ಶಾಖ ಎಲ್ಲಿಂದ ಬಂತು? ಜೂಲ್ ಒಂದು ವಿದ್ಯುತ್ಕಾಂತದ ಸುರುಳಿಯನ್ನು ನೀರಿನ ಕೊಳವೆಯೊಳಗಿಟ್ಟು, ಅಯಸ್ಕಾಂತ ಧ್ರುವಗಳ ನಡುವೆ ತಿರುಗಿಸಿ, ಪ್ರೇರಿತ ಪ್ರವಾಹದಿಂದ ನೀರು ಬಿಸಿಯಾಗುವುದನ್ನು ಅಳೆದ. ಎಲ್ಲಿಯೂ ತಣ್ಣಗಾಗಲಿಲ್ಲ, ಇಲ್ಲಿ ಮಾತ್ರ ಬಿಸಿಯಾಯಿತು. ಖರ್ಚಾದದ್ದು ತಿರುಗಿಸಿದ ಶ್ರಮ. ಅದೇ ಯಂತ್ರವನ್ನು ಮೋಟಾರಾಗಿ ಓಡಿಸಿ ಕೆಲಸ ತೆಗೆದರೆ ಅಷ್ಟರ ಮಟ್ಟಿಗೆ ಶಾಖ ಕಡಿಮೆ. ಜಮಾ ಖರ್ಚು ಸರಿಹೋಯಿತು. 1843ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಸಭೆಯಲ್ಲಿ ಇದನ್ನು ಓದಿದಾಗ ಯಾರೂ ಕಿವಿಗೊಡಲಿಲ್ಲ. ಆಗ ಅವನಿಗೆ 24 ವರ್ಷ. ಮುಂದಿನ ಲೇಖನವೊಂದನ್ನು ರಾಯಲ್ ಸೊಸೈಟಿ ತಿರಸ್ಕರಿಸಿತು.

ಪಠ್ಯಪುಸ್ತಕಗಳಲ್ಲಿ ಕಾಣುವ ಹುಟ್ಟುಗೋಲಿನ ಚಕ್ರ ಬಂದದ್ದು ಇದಾದ ಮೇಲೆ. ತೂಕ ಕೆಳಗಿಳಿಯುತ್ತದೆ, ಚಕ್ರ ನೀರನ್ನು ಕಡೆಯುತ್ತದೆ, ನೀರು ಬಿಸಿಯಾಗುತ್ತದೆ. ಏರಿಕೆ ಒಂದು ಡಿಗ್ರಿ ಫ್ಯಾರನ್‌ಹೀಟಿಗಿಂತಲೂ ಕಡಿಮೆ. ಅದನ್ನು ನಂಬಬೇಕಾದರೆ ಉಷ್ಣತಾಮಾಪಕವನ್ನು ನಂಬಬೇಕು. ಮ್ಯಾಂಚೆಸ್ಟರಿನ ಉಪಕರಣ ತಯಾರಕ ಡಾನ್ಸರ್ ಮಾಡಿಕೊಟ್ಟ ಮಾಪಕದಲ್ಲಿ ಜೂಲ್ ಡಿಗ್ರಿಯ ಇನ್ನೂರರಲ್ಲಿ ಒಂದು ಭಾಗವನ್ನು ಓದುತ್ತಿದ್ದ. ಬಿಯರ್ ಕಾರ್ಖಾನೆಯಲ್ಲಿ ಉಷ್ಣತೆ ನೋಡಿಕೊಂಡು ಕೆಲಸ ಮಾಡುವುದು ದಿನಚರಿ. ಆ ಕೈ ಪಳಗಿದ್ದು ಅಲ್ಲೇ ಇರಬೇಕು ಎಂಬುದು ನನ್ನ ಊಹೆ.

1847ರಲ್ಲಿ ಆಕ್ಸ್‌ಫರ್ಡಿನ ಸಭೆಯಲ್ಲಿ ಅವನಿಗೆ ಚುಟುಕಾಗಿ ಹೇಳಿ ಮುಗಿಸಲು ಸೂಚಿಸಿದರು. ಅಲ್ಲಿದ್ದ 23 ವರ್ಷದ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವನು, ಇದರ ತೂಕ ಗುರುತಿಸಿದ. ಅಲ್ಲಿಂದ ಜೂಲ್‌ನನ್ನು ಜನ ಕೇಳತೊಡಗಿದರು. ಅದೇ ಬೇಸಿಗೆಯಲ್ಲಿ ಮದುವೆಯಾದ ಜೂಲ್ ಹೆಂಡತಿಯೊಂದಿಗೆ ಆಲ್ಪ್ಸ್ ಪ್ರವಾಸ ಹೋಗಿದ್ದಾಗ ಜಲಪಾತದ ಮೇಲಿನ ಮತ್ತು ಕೆಳಗಿನ ನೀರಿನ ಉಷ್ಣತೆ ಅಳೆಯಲು ಉದ್ದದ ಮಾಪಕ ಹಿಡಿದು ಓಡಾಡುತ್ತಿದ್ದನೆಂಬ ಕಥೆ ಇದೆ. ಥಾಮ್ಸನ್ ಅಲ್ಲಿ ಅವನನ್ನು ಭೇಟಿಯಾದದ್ದು ನಿಜ. ಮಾಪಕದ ಉದ್ದ ಹೇಳುತ್ತಾ ಹೇಳುತ್ತಾ ಬೆಳೆದಿರಬಹುದು. ಮಕ್ಕಳಿಗೆ ಹೇಳುವಾಗ ಕಥೆ ಎಂದೇ ಹೇಳಿದೆ.

1850ರ ಹೊತ್ತಿಗೆ ಅವನ ಸಂಖ್ಯೆ ಗಟ್ಟಿಯಾಯಿತು. 772 ಪೌಂಡ್ ತೂಕ ಒಂದು ಅಡಿ ಇಳಿದರೆ ಒಂದು ಪೌಂಡ್ ನೀರು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಾಗುತ್ತದೆ. ಇಂದಿನ ಬೆಲೆ 778. ಆ ವರ್ಷ ರಾಯಲ್ ಸೊಸೈಟಿಯೇ ಅವನನ್ನು ಸದಸ್ಯನನ್ನಾಗಿ ಆರಿಸಿತು. 1854ರಲ್ಲಿ ಹೆಂಡತಿ ತೀರಿಕೊಂಡಳು. ಇಬ್ಬರು ಸಣ್ಣ ಮಕ್ಕಳು ಉಳಿದರು. ಅದೇ ಹೊತ್ತಿಗೆ ಕಾರ್ಖಾನೆಯೂ ಮಾರಾಟವಾಯಿತು. ಅವನು ಮನೆಯಲ್ಲಿ ಅಳೆಯುತ್ತಲೇ ಇದ್ದ.

1867ರ ಸಂಗತಿಯೊಂದನ್ನು ಬಿಡಲಾರೆ. ತಂತಿಯಲ್ಲಿ ಹುಟ್ಟುವ ಶಾಖದಿಂದ ಅದೇ ಸಂಖ್ಯೆಯನ್ನು ಮತ್ತೆ ತೆಗೆದಾಗ 772ರ ಬದಲು 783ರ ಸುಮಾರು ಬಂತು. ತಪ್ಪು ಜೂಲ್‌ನದಲ್ಲ. ಬ್ರಿಟಿಷ್ ವಿಜ್ಞಾನಿಗಳ ಸಮಿತಿ ನಿಗದಿ ಮಾಡಿದ್ದ ಓಮ್‌ನ ಮಾನಕವೇ ಶೇಕಡಾ ಒಂದಕ್ಕಿಂತ ಸ್ವಲ್ಪ ಹೆಚ್ಚು ತಪ್ಪಾಗಿತ್ತು.

ಈಗ ಹುಡುಗಿಯ ಮೊಬೈಲಿಗೆ ಬರುತ್ತೇನೆ. ಅದರ ಪ್ರೊಸೆಸರಿನಲ್ಲಿ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳು. ಪ್ರತಿಯೊಂದೂ ತೆರೆದು ಮುಚ್ಚುವಾಗ ಅತಿ ಪುಟ್ಟ ಧಾರಕವೊಂದನ್ನು ತುಂಬಿ ಬರಿದು ಮಾಡಿದಂತೆ. ನಿಗದಿತ ವಿಭವದಿಂದ ಧಾರಕವನ್ನು ತುಂಬುವಾಗ ಬ್ಯಾಟರಿ ಕೊಟ್ಟ ಶಕ್ತಿಯ ಅರ್ಧ ದಾರಿಯಲ್ಲೇ ಶಾಖವಾಗುತ್ತದೆ, ಬರಿದಾಗುವಾಗ ಉಳಿದರ್ಧವೂ ಶಾಖವಾಗುತ್ತದೆ. ದಾರಿಯ ರೋಧ ಎಷ್ಟಿದ್ದರೂ ಇಷ್ಟೇ. ರೋಧ ಕಡಿಮೆಯಿದ್ದರೆ ಪ್ರವಾಹ ಹೆಚ್ಚು, ಹೊತ್ತು ಕಡಿಮೆ. ರೋಧ ಹೆಚ್ಚಿದ್ದರೆ ಪ್ರವಾಹ ಕಡಿಮೆ, ಹೊತ್ತು ಹೆಚ್ಚು. ಕ್ಷಣ ಕ್ಷಣಕ್ಕೂ ಜೂಲ್‌ನ ನಿಯಮ ಹಾಕಿ ಕೂಡಿಸಿದರೆ ಮೊತ್ತ ಒಂದೇ. ನಾನು ದೂರಿದ್ದ ರೋಧ ಉತ್ತರದಲ್ಲಿ ಇಲ್ಲವೇ ಇಲ್ಲ. ಉಳಿಯುವುದು ಧಾರಕತೆ, ವಿಭವಾಂತರದ ವರ್ಗ ಮತ್ತು ಒಂದು ಸೆಕೆಂಡಿಗೆ ಎಷ್ಟು ಸಲ ಎಂಬುದು. ಆಟ ಆಡುವಾಗ ಈ ಕೊನೆಯದು ಏರುತ್ತದೆ. ಮೋಟಾರಿನ ಹಾಗೆ ಪ್ರೊಸೆಸರ್ ಯಾವ ತೂಕವನ್ನೂ ಎತ್ತುವುದಿಲ್ಲವಾದ್ದರಿಂದ ಹೆಚ್ಚುಕಡಿಮೆ ಒಳಗೆ ಹೋದ ಶಕ್ತಿಯೆಲ್ಲ ಶಾಖವೇ. ಮೇಜಿನ ಕಂಪ್ಯೂಟರಿನಲ್ಲಿ ಎರಡು ಚದರ ಸೆಂಟಿಮೀಟರಿನಷ್ಟು ಚಿಪ್‌ನಿಂದ 100 ವಾಟ್ ಹೊರಬರಬಹುದು. ಇಸ್ತ್ರಿಪೆಟ್ಟಿಗೆಯ ತಳದಲ್ಲಿ ಚದರ ಸೆಂಟಿಮೀಟರಿಗೆ ಹತ್ತು ವಾಟೂ ಇರುವುದಿಲ್ಲ. ಹಿಂದೆ 5 ವೋಲ್ಟ್ ಇದ್ದದ್ದನ್ನು 1 ವೋಲ್ಟಿನ ಹತ್ತಿರಕ್ಕೆ ಇಳಿಸಿ ಬಹಳ ವರ್ಷ ಶಾಖವನ್ನು ಹದ್ದಿನಲ್ಲಿಟ್ಟರು. ಇನ್ನೂ ಇಳಿಸಹೋದರೆ ಮುಚ್ಚಿದ ಟ್ರಾನ್ಸಿಸ್ಟರಿನಿಂದಲೂ ಪ್ರವಾಹ ಸೋರುತ್ತದೆ. ಹಾಗಾಗಿ 2005ರ ಸುಮಾರಿಗೆ ಗಡಿಯಾರದ ವೇಗ 4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ನಿಂತು, ಒಂದರ ಬದಲು ಎರಡು, ನಾಲ್ಕು, ಎಂಟು ಕೋರ್‌ಗಳ ಕಾಲ ಬಂತು. ಮೊಬೈಲಿಗೆ ಫ್ಯಾನ್ ಇಲ್ಲ. ಬಿಸಿ ಮಿತಿಮೀರಿದರೆ ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

ಜೂಲ್‌ನ ಕೊನೆಯ ವರ್ಷಗಳಲ್ಲಿ ಆರೋಗ್ಯವೂ ಹಣವೂ ಕೈಕೊಟ್ಟವು. 1878ರಲ್ಲಿ ಸರ್ಕಾರ ವರ್ಷಕ್ಕೆ 200 ಪೌಂಡಿನ ವೇತನ ಕೊಟ್ಟಿತು. ಅದೇ ವರ್ಷ ಅವನ ಕೊನೆಯ ಬೆಲೆ 772.55 ಹೊರಬಂತು. 1889ರ ಅಕ್ಟೋಬರ್ 11ರಂದು ಮ್ಯಾಂಚೆಸ್ಟರ್ ಬಳಿಯ ಸೇಲ್ ಎಂಬಲ್ಲಿ ತೀರಿಕೊಂಡ. ಶಕ್ತಿಯ ಮಾನಕ್ಕೆ ಅವನ ಹೆಸರನ್ನು ಪ್ಯಾರಿಸ್ಸಿನ ವಿದ್ಯುತ್ ಸಮ್ಮೇಳನ ಒಪ್ಪಿದ್ದೂ ಅದೇ ವರ್ಷ. ಗೋರಿಯ ಕಲ್ಲಿನ ಮೇಲೆ 772.55 ಎಂದು ಕೆತ್ತಿದೆ.

ಮರುಪಾಠದಲ್ಲಿ ಚಾರ್ಟು ಬಿಟ್ಟು ಹೋದೆ. ಬೈಕಿನ 12 ವೋಲ್ಟ್ ಬ್ಯಾಟರಿ, ಮೂರು ಮತ್ತು ಆರು ಓಮ್ ಬರುವಂತೆ ಕತ್ತರಿಸಿದ ನಿಕ್ರೋಮ್ ತಂತಿ, ನೂರು ನೂರು ಮಿಲಿಲೀಟರ್ ನೀರಿನ ಎರಡು ಗಾಜಿನ ಲೋಟ. ಸರಣಿಯಲ್ಲಿ ಐದು ನಿಮಿಷ ಹರಿಸಿದಾಗ ಉದ್ದ ತಂತಿಯ ಲೋಟ ಏಳು ಡಿಗ್ರಿ ಏರಿತು, ಗಿಡ್ಡದ್ದು ಮೂರೂವರೆ. ನೀರು ಬದಲಿಸಿ, ಸಮಾಂತರವಾಗಿ ಜೋಡಿಸಿ ಒಂದೇ ನಿಮಿಷ ಹರಿಸಿದಾಗ ಗಿಡ್ಡದ್ದು ಮುಂದೆ ಹೋಯಿತು. ಎರಡನೆಯದನ್ನು ಮೊದಲೇ ಊಹಿಸಿ ಹಲಗೆಯ ಮೇಲೆ ಬರೆದವಳು ಅದೇ ಹುಡುಗಿ. ಹಿಂದಿನ ಸಲ ನಾನು ಹೇಳಿದ ಉತ್ತರ ತಪ್ಪೆಂದು ಅವಳಿಗೂ ತರಗತಿಗೂ ಹೇಳಿದೆ. ಮೇಡಂ ಈ ಸಲ ವಿಷಯ ನಿರೂಪಣೆಯ ಅಂಕಣದಲ್ಲಿ ಬರೆದದ್ದು ಬೇರೆ: ಎರಡು ಉಷ್ಣತಾಮಾಪಕಗಳನ್ನೂ ಮೊದಲು ಒಂದೇ ಲೋಟದ ನೀರಿನಲ್ಲಿಟ್ಟು ಹೋಲಿಸಿ ನೋಡಬೇಕಿತ್ತು. ಆಮೇಲೆ ನೋಡಿದೆ, ಅವೆರಡಕ್ಕೂ ಅರ್ಧ ಡಿಗ್ರಿ ವ್ಯತ್ಯಾಸವಿತ್ತು.