ಲಾರ್ಡ್ ಕೆಲ್ವಿನ್ (1824–1907): ಸಮುದ್ರದ ಉಬ್ಬರವಿಳಿತವನ್ನು ಲೆಕ್ಕಕ್ಕೆ ತಂದ ವಿಜ್ಞಾನಿ

ಪೀಠಿಕೆ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಮುಂತಾದ ಬಡಾವಣೆಗಳಲ್ಲಿ ಎತ್ತರದ ಕಟ್ಟಡ ನಿರ್ಮಿಸಲು, ಅಗತ್ಯವಿರುವ ಕಡೆ ವಿಮಾನ ನಿಲ್ದಾಣ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಸಲ್ಲಿಸುವ ನಾಗರಿಕರು, ನಿವೇಶನವು ಸರಾಸರಿ ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ನಮೂದಿಸಬೇಕಾಗುತ್ತದೆ. ಸದಾ ಏರಿಳಿಯುವ ಸಮುದ್ರಕ್ಕೆ ಒಂದು ಮಟ್ಟವನ್ನು ಗೊತ್ತುಪಡಿಸುವುದು ಹೇಗೆ ಎಂಬ ಪ್ರಶ್ನೆ ಸಹಜವಾದುದು. ಆ ಏರಿಳಿತವನ್ನು ಗಣಿತದ ಹಿಡಿತಕ್ಕೆ ತಂದವರಲ್ಲಿ ಪ್ರಮುಖರಾದ ಲಾರ್ಡ್ ಕೆಲ್ವಿನ್‌ರವರ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಕೆಲ್ವಿನ್‌ರವರ ಮೂಲ ಹೆಸರು ವಿಲಿಯಂ ಥಾಮ್ಸನ್. ಇವರು 1824ರ ಜೂನ್ 26ರಂದು ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಜನಿಸಿದರು. ಆರನೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡ ಇವರಿಗೆ ಗಣಿತ ಪ್ರಾಧ್ಯಾಪಕರಾಗಿದ್ದ ತಂದೆಯವರೇ ಮೊದಲ ಗುರುಗಳು. ಹತ್ತನೆಯ ವಯಸ್ಸಿನಲ್ಲಿ ಗ್ಲಾಸ್ಗೊ ವಿಶ್ವವಿದ್ಯಾನಿಲಯವನ್ನು ಸೇರಿದ ಇವರು ನಂತರ ಕೇಂಬ್ರಿಡ್ಜ್‌ನಲ್ಲಿ ವ್ಯಾಸಂಗ ಮಾಡಿದರು. 1846ರಲ್ಲಿ, 22ನೆಯ ವಯಸ್ಸಿನಲ್ಲಿ, ಗ್ಲಾಸ್ಗೊದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ ನೇಮಕಗೊಂಡು, 1899ರವರೆಗೆ 53 ವರ್ಷಗಳ ಕಾಲ ಸೇವೆ ಸಲ್ಲಿಸಿದರು.

ಉಬ್ಬರವಿಳಿತದ ಗಣಿತ

ಚಂದ್ರ ಮತ್ತು ಸೂರ್ಯರ ಆಕರ್ಷಣೆಯೇ ಉಬ್ಬರವಿಳಿತಕ್ಕೆ ಕಾರಣವೆಂದು ನ್ಯೂಟನ್‌ರವರು 1687ರಲ್ಲಿಯೇ ವಿವರಿಸಿದ್ದರು. ಆದರೆ ಕರಾವಳಿಯ ಆಕಾರ ಮತ್ತು ಸಮುದ್ರದ ಆಳ ಎಲ್ಲೆಡೆ ಒಂದೇ ರೀತಿ ಇರುವುದಿಲ್ಲ. ಆದ್ದರಿಂದ ಇಂತಹ ಬಂದರಿನಲ್ಲಿ ಇಂತಿಷ್ಟು ಗಂಟೆಗೆ ನೀರು ಎಷ್ಟು ಏರುತ್ತದೆ ಎಂದು ಆ ತತ್ತ್ವವೊಂದರಿಂದಲೇ ಹೇಳಲಾಗುತ್ತಿರಲಿಲ್ಲ. ತಪ್ಪು ಅಂದಾಜಿನಿಂದ ಹಡಗುಗಳು ನೆಲಕಚ್ಚುವ ಅಪಾಯವಿತ್ತು.

1860ರ ದಶಕದ ಕೊನೆಯಲ್ಲಿ ಥಾಮ್ಸನ್‌ರವರು ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಸಮುದ್ರದ ಚಲನೆಯನ್ನು ಅವರು ಅನೇಕ ಸರಳ ಏರಿಳಿತಗಳ ಮೊತ್ತವೆಂದು ಪರಿಗಣಿಸಿದರು. ಚಂದ್ರನಿಂದಾಗುವ ಮುಖ್ಯ ಏರಿಳಿತದ ಅವಧಿ ಸುಮಾರು 12 ಗಂಟೆ 25 ನಿಮಿಷ. ಸೂರ್ಯನಿಂದಾಗುವುದರ ಅವಧಿ 12 ಗಂಟೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಇವೆರಡೂ ಕೂಡಿ ಉಬ್ಬರ ಹೆಚ್ಚುತ್ತದೆ; ಅಷ್ಟಮಿಯ ಆಸುಪಾಸಿನಲ್ಲಿ ಒಂದನ್ನೊಂದು ತಗ್ಗಿಸುತ್ತವೆ. ಅವಧಿಗಳು ಎಲ್ಲೆಡೆ ಒಂದೇ; ಪ್ರತಿಯೊಂದರ ಪ್ರಮಾಣ ಮತ್ತು ಸಮಯವನ್ನು ಮಾತ್ರ ಆಯಾ ಬಂದರಿನ ದಾಖಲೆಯಿಂದ ಕಂಡುಹಿಡಿಯಬೇಕು. ಒಮ್ಮೆ ಕಂಡುಹಿಡಿದರೆ ಮುಂದಿನ ವರ್ಷಗಳ ಉಬ್ಬರವನ್ನು ಪಂಚಾಂಗದಂತೆ ಮೊದಲೇ ಗುಣಿಸಿ ಇಡಬಹುದು.

ಈ ಗುಣಾಕಾರ ಕೈಬರಹದಲ್ಲಿ ತಿಂಗಳುಗಟ್ಟಲೆ ಹಿಡಿಯುವಂತಹುದು. ಅದನ್ನು ಹಗುರಗೊಳಿಸಲು ಥಾಮ್ಸನ್‌ರವರು 1872–73ರಲ್ಲಿ ಒಂದು ಯಂತ್ರವನ್ನು ರೂಪಿಸಿದರು. ಪ್ರತಿಯೊಂದು ಏರಿಳಿತಕ್ಕೆ ಒಂದೊಂದು ರಾಟೆ. ಎಲ್ಲಾ ರಾಟೆಗಳ ಮೇಲೆ ಹಾಯುವ ಒಂದೇ ಎಳೆ. ಅದರ ತುದಿಯ ಲೇಖನಿ ಒಟ್ಟು ಮೊತ್ತವನ್ನು ಕಾಗದದ ಮೇಲೆ ಬರೆಯುತ್ತಿತ್ತು. ಒಂದು ವರ್ಷದ ಲೆಕ್ಕ ಸುಮಾರು ನಾಲ್ಕು ಗಂಟೆಗಳಲ್ಲಿ ಮುಗಿಯುತ್ತಿತ್ತು.

ಭಾರತ ಮತ್ತು ಕಾರವಾರ

ಇದೇ ತತ್ತ್ವದ ಮೇಲೆ, ಎಡ್ವರ್ಡ್ ರಾಬರ್ಟ್ಸ್‌ರವರ ಮೇಲ್ವಿಚಾರಣೆಯಲ್ಲಿ, 1879ರಲ್ಲಿ ಭಾರತದ ಬಂದರುಗಳಿಗಾಗಿಯೇ ಹೆಚ್ಚಿನ ರಾಟೆಗಳುಳ್ಳ ಯಂತ್ರವನ್ನು ನಿರ್ಮಿಸಲಾಯಿತು. ಆ ಕಾಲದಲ್ಲಿ ನಮ್ಮ ಕಾರವಾರವೂ ಸೇರಿದಂತೆ ದೇಶದ ಹಲವು ಬಂದರುಗಳಲ್ಲಿ ಮಾಪಕಗಳನ್ನು ಸ್ಥಾಪಿಸಿ ನೀರಿನ ಮಟ್ಟವನ್ನು ದಾಖಲಿಸಲಾಗುತ್ತಿತ್ತು. ಅಂತಹ ದೀರ್ಘ ದಾಖಲೆಯ ಸರಾಸರಿಯೇ ಸರಾಸರಿ ಸಮುದ್ರ ಮಟ್ಟ. 1909ರಲ್ಲಿ ದೇಶದ ಎತ್ತರಗಳ ಜಾಲವನ್ನು ಹೊಂದಿಸಿದಾಗ ಆಧಾರವಾಗಿ ತೆಗೆದುಕೊಂಡ ಒಂಬತ್ತು ಕೇಂದ್ರಗಳಲ್ಲಿ ಕಾರವಾರವೂ ಒಂದು.

ಇತರ ಸಾಧನೆಗಳು ಮತ್ತು ನಿಧನ

ನಿರಪೇಕ್ಷ ಉಷ್ಣತಾಮಾನವನ್ನು 1848ರಲ್ಲಿ ಪ್ರತಿಪಾದಿಸಿದವರೂ ಇವರೇ. ಅದರ ಏಕಮಾನಕ್ಕೆ ಇವರ ಹೆಸರನ್ನೇ ಇಡಲಾಗಿದೆ. 1866ರಲ್ಲಿ ಪೂರ್ಣಗೊಂಡ ಅಟ್ಲಾಂಟಿಕ್ ಸಾಗರದ ತಂತಿ ಸಂಪರ್ಕದಲ್ಲಿಯೂ ಇವರ ಪಾತ್ರ ಹಿರಿದು. 1892ರಲ್ಲಿ ಲಾರ್ಡ್ ಪದವಿ ಲಭಿಸಿತು. 1907ರ ಡಿಸೆಂಬರ್ 17ರಂದು ನಿಧನರಾದ ಇವರನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ನ್ಯೂಟನ್‌ರವರ ಸಮಾಧಿಯ ಸಮೀಪದಲ್ಲಿ ಸಮಾಧಿ ಮಾಡಲಾಯಿತು.

ರಾಟೆಗಳ ಕೆಲಸವನ್ನು ಇಂದು ಗಣಕಯಂತ್ರಗಳು ಮಾಡುತ್ತಿವೆ. 1992ರಲ್ಲಿ ಉಡಾಯಿಸಲಾದ ಟೋಪೆಕ್ಸ್/ಪೊಸೈಡನ್ ಉಪಗ್ರಹದ ನಂತರ ತೆರೆದ ಸಾಗರದ ಉಬ್ಬರವನ್ನೂ ನಿಖರವಾಗಿ ಅಳೆಯಲು ಸಾಧ್ಯವಾಗಿದೆ. ಆದರೂ ಏರಿಳಿತಗಳನ್ನು ಬಿಡಿಸಿ ಕೂಡಿಸುವ ಮೂಲ ವಿಧಾನ ಬದಲಾಗಿಲ್ಲ.

ಸಾರ್ವಜನಿಕರ ಗಮನಕ್ಕೆ

1. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ ಎಂಬುದು ಸ್ಥೂಲವಾದ ಅಂಕಿ. ಬಡಾವಣೆಯಿಂದ ಬಡಾವಣೆಗೆ ಎತ್ತರ ಬದಲಾಗುವುದರಿಂದ, ಅರ್ಜಿಯಲ್ಲಿ ತಮ್ಮ ನಿವೇಶನವನ್ನು ಅಳತೆ ಮಾಡಿಸಿ ಪಡೆದ ಅಂಕಿಯನ್ನೇ ನಮೂದಿಸತಕ್ಕದ್ದು.

2. ಉಬ್ಬರವಿಳಿತದ ಪಟ್ಟಿಯು ಚಂಡಮಾರುತದಿಂದ ಏರುವ ನೀರನ್ನು ಸೂಚಿಸುವುದಿಲ್ಲ. ಆದ್ದರಿಂದ ಕರಾವಳಿಯ ನಾಗರಿಕರು ಹವಾಮಾನ ಇಲಾಖೆಯ ಎಚ್ಚರಿಕೆಯನ್ನು ಪ್ರತ್ಯೇಕವಾಗಿ ಗಮನಿಸಲು ಕೋರಲಾಗಿದೆ.