ತೆನೆಯ ಅಂದ ನಂಬದ ಉಪಾಧ್ಯಕ್ಷ: ಹೆನ್ರಿ ವ್ಯಾಲೇಸ್

ಅಮೆರಿಕದ ಉಪಾಧ್ಯಕ್ಷ ಪದವಿಗೇರಿಯೂ ಮೆಕ್ಕೆಜೋಳದ ಹೊಲವನ್ನು ಮರೆಯದವರು ಹೆನ್ರಿ ವ್ಯಾಲೇಸ್. 1888ರ ಅಕ್ಟೋಬರ್ 7ರಂದು ಅಯೋವಾ ರಾಜ್ಯದ ರೈತ ಕುಟುಂಬವೊಂದರಲ್ಲಿ ಜನಿಸಿದ ಅವರಿಗೆ ಗಿಡಗಳ ಗೀಳು ಹಿಡಿಸಿದವರು ತಂದೆಯ ಕಾಲೇಜಿನಲ್ಲಿದ್ದ ಕರಿಯ ಸಸ್ಯವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್. ಬಾಲಕ ಹೆನ್ರಿಯನ್ನು ಜೊತೆಗೆ ಕರೆದೊಯ್ದು ಹೂವು, ಹುಲ್ಲುಗಳ ಪರಿಚಯ ಮಾಡಿಕೊಟ್ಟವರು ಅವರೇ.

ಆಗ ಅಯೋವಾದಲ್ಲಿ ಮೆಕ್ಕೆಜೋಳದ ತೆನೆಗಳಿಗೂ ಸೌಂದರ್ಯ ಸ್ಪರ್ಧೆಗಳಿದ್ದವು. ಕಾಳಿನ ಸಾಲು ನೇರವಾಗಿ, ತುದಿಯವರೆಗೂ ತುಂಬಿದ ತೆನೆಗೆ ಬಹುಮಾನ ಸಲ್ಲುತ್ತಿತ್ತು. ಅದೇ ಉತ್ತಮ ಬಿತ್ತನೆ ಬೀಜವೆಂದು ರೈತರು ನಂಬಿದ್ದರು. ಹದಿಹರೆಯದ ವ್ಯಾಲೇಸ್ 1904ರಲ್ಲಿ ಪ್ರಸಿದ್ಧ ತೀರ್ಪುಗಾರ ಹೋಲ್ಡನ್ ಅವರಿಂದ ತೆನೆಗಳನ್ನು ಪಡೆದು, ಒಂದೊಂದರ ಕಾಳನ್ನೂ ಪ್ರತ್ಯೇಕ ಸಾಲಿನಲ್ಲಿ ಬಿತ್ತಿ, ಫಸಲನ್ನು ತೂಗಿ ನೋಡಿದರು. ಅತ್ಯಂತ ಚೆಲುವಾದ ತೆನೆಯ ಬೀಜ ಇಳುವರಿಯಲ್ಲಿ ಹಿಂದೆ ಬಿದ್ದಿತ್ತು. ಕಣ್ಣಿಗಿಂತ ತಕ್ಕಡಿಯನ್ನು ನಂಬುವ ಗುಣ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಗಿಡವನ್ನು ಅದರದೇ ಪರಾಗದಿಂದ ಹಲವು ತಲೆಮಾರು ಬೆಳೆಸಿದರೆ ಅದು ಸೊರಗುತ್ತದೆ. ಆದರೆ ಹಾಗೆ ಸೊರಗಿದ ಎರಡು ಬೇರೆ ತಳಿಗಳನ್ನು ಕೂಡಿಸಿದಾಗ ಹುಟ್ಟುವ ಸಂಕರ ಪೈರು ಸೊಂಪಾಗಿರುತ್ತದೆ. ಈ ತತ್ವದಿಂದ ವ್ಯಾಲೇಸ್ ರೂಪಿಸಿದ ‘ಕಾಪರ್ ಕ್ರಾಸ್’ 1924ರಲ್ಲಿ ಅಯೋವಾದ ಇಳುವರಿ ಸ್ಪರ್ಧೆಯಲ್ಲಿ ಚಿನ್ನದ ಪದಕ ಗಳಿಸಿತು. 1926ರಲ್ಲಿ ಅವರು ಸ್ಥಾಪಿಸಿದ ಬೀಜ ಕಂಪನಿಯೇ ಮುಂದೆ ಪಯೊನೀರ್ ಎಂದು ಹೆಸರಾಯಿತು. 1940ರ ದಶಕದ ಆರಂಭದ ಹೊತ್ತಿಗೆ ಅಯೋವಾದ ಹೊಲಗಳನ್ನು ಬಹುಮಟ್ಟಿಗೆ ಸಂಕರ ಬೀಜವೇ ಆಕ್ರಮಿಸಿತ್ತು. ರೈತರು ತಾವೇ ಕಾಪಾಡಿಕೊಂಡು ಬಂದಿದ್ದ ಹಳೆಯ ತಳಿಗಳು ಮೂಲೆಗುಂಪಾದವು. ಇಳುವರಿ ಹೆಚ್ಚಿತು, ತಳಿಗಳ ತಳಹದಿ ಕಿರಿದಾಯಿತು.

1933ರಿಂದ 1940ರವರೆಗೆ ಕೃಷಿ ಸಚಿವರಾಗಿದ್ದ ವ್ಯಾಲೇಸ್, ಉಪಾಧ್ಯಕ್ಷರಾಗಿ ಚುನಾಯಿತರಾದ ಬೆನ್ನಲ್ಲೇ ಮೆಕ್ಸಿಕೋಗೆ ತೆರಳಿದರು. ಮೆಕ್ಕೆಜೋಳದ ತವರು ಅದು. ಅಲ್ಲಿನ ರೈತರ ಬಡ ಫಸಲು ಕಂಡು ಹಿಂದಿರುಗಿದವರು ರಾಕ್‌ಫೆಲರ್ ಪ್ರತಿಷ್ಠಾನದ ಮುಖ್ಯಸ್ಥರೊಡನೆ ಚರ್ಚಿಸಿದರು. ಅದರ ಫಲವಾಗಿ 1943ರಲ್ಲಿ ಮೆಕ್ಸಿಕೋದಲ್ಲಿ ಕೃಷಿ ಸಂಶೋಧನಾ ಕಾರ್ಯಕ್ರಮ ಆರಂಭವಾಯಿತು. ವೆಲ್‌ಹೌಸನ್ ಮತ್ತು ಸಂಗಡಿಗರು ಹಳ್ಳಿಹಳ್ಳಿಗಳಿಂದ ತೆನೆ ಸಂಗ್ರಹಿಸಿ, ಮೆಕ್ಸಿಕೋದ ಮೆಕ್ಕೆಜೋಳವನ್ನು 25 ಕುಲಗಳಾಗಿ ವಿಂಗಡಿಸಿದರು. ಅಮೆರಿಕದ ಹೊಲದಿಂದ ಕಣ್ಮರೆಯಾಗುತ್ತಿದ್ದ ವೈವಿಧ್ಯ ಹೀಗೆ ಬೀಜ ಭಂಡಾರ ಸೇರತೊಡಗಿತು. ಇದೇ ಪ್ರತಿಷ್ಠಾನದ ಸಹಕಾರದಿಂದ 1957ರಲ್ಲಿ ಭಾರತದ ಮೆಕ್ಕೆಜೋಳ ಸುಧಾರಣಾ ಯೋಜನೆಯೂ ಆರಂಭವಾಯಿತು. 1961ರಲ್ಲಿ ಬಿಡುಗಡೆಯಾದ ಗಂಗಾ, ಡೆಕ್ಕನ್ ತಳಿಗಳು ಅದರ ಕೊಡುಗೆ.

ರಾಜಕೀಯ ಮಾತ್ರ ಅವರ ಕೈ ಹಿಡಿಯಲಿಲ್ಲ. 1948ರ ಅಧ್ಯಕ್ಷೀಯ ಚುನಾವಣೆಯಲ್ಲಿ ಹೀನಾಯವಾಗಿ ಸೋತ ಬಳಿಕ ನ್ಯೂಯಾರ್ಕ್ ರಾಜ್ಯದ ತಮ್ಮ ತೋಟಕ್ಕೆ ಮರಳಿ ಸಸ್ಯ ಪ್ರಯೋಗಗಳಲ್ಲಿ ಮುಳುಗಿದರು. 1956ರಲ್ಲಿ ವಿಲಿಯಂ ಬ್ರೌನ್ ಜೊತೆಗೂಡಿ ಮೆಕ್ಕೆಜೋಳದ ಇತಿಹಾಸ ಕುರಿತ ಪುಸ್ತಕ ಬರೆದರು. 1965ರ ನವೆಂಬರ್ 18ರಂದು ನಿಧನರಾದರು.

ಏಕರೂಪತೆಯ ಬೆಲೆ ಐದೇ ವರ್ಷಗಳಲ್ಲಿ ತೆರಬೇಕಾಯಿತು. 1970ರಲ್ಲಿ ಅಮೆರಿಕದ ಬಹುಪಾಲು ಸಂಕರ ಬೀಜದಲ್ಲಿ ಒಂದೇ ಬಗೆಯ ಗಂಡು ಬಂಜೆತನದ ಗುಣವಿತ್ತು. ಅದರ ಜೊತೆಗೇ ಅಂಟಿಕೊಂಡಿದ್ದ ದೌರ್ಬಲ್ಯದಿಂದಾಗಿ ಎಲೆ ಅಂಗಮಾರಿ ರೋಗ ಹಬ್ಬಿ ದೇಶದ ಸುಮಾರು ಶೇ. 15ರಷ್ಟು ಫಸಲು ನಾಶವಾಯಿತು.

ವ್ಯಾಲೇಸ್ ಸ್ಥಾಪಿಸಿದ ಕಂಪನಿಯೇ 1987ರಲ್ಲಿ ಲ್ಯಾಟಿನ್ ಅಮೆರಿಕದ ನಾಟಿ ತಳಿಗಳ ಪರೀಕ್ಷೆಗೆ ಹಣ ಒದಗಿಸಿತು. 12 ದೇಶಗಳಲ್ಲಿ ಸುಮಾರು 12,000 ಮಾದರಿಗಳ ಪರಿಶೀಲನೆ ನಡೆಯಿತು. ಉಷ್ಣವಲಯದ ಬೀಜವನ್ನು ನೇರವಾಗಿ ಅಯೋವಾದಲ್ಲಿ ಬಿತ್ತಿದರೆ ಬೇಸಿಗೆಯ ದೀರ್ಘ ಹಗಲಿನಲ್ಲಿ ಗಿಡ ಎತ್ತರಕ್ಕೆ ಬೆಳೆಯುವುದೇ ಹೊರತು ಸಕಾಲಕ್ಕೆ ಹೂ ಬಿಡದು. ಆದ್ದರಿಂದ ಆಯ್ದ ನಾಟಿ ತಳಿಯನ್ನು ಸುಧಾರಿತ ತಳಿಯೊಂದಿಗೆ ಕೂಡಿಸಿ, ಆ ಸಂತತಿಯನ್ನು ಇನ್ನೊಂದು ಕಂಪನಿಯ ಸುಧಾರಿತ ತಳಿಯೊಂದಿಗೆ ಮತ್ತೆ ಕೂಡಿಸುವ ಕ್ರಮವನ್ನು 1990ರ ದಶಕದ ಮಧ್ಯಭಾಗದಲ್ಲಿ ವಿಜ್ಞಾನಿಗಳು ಅಳವಡಿಸಿಕೊಂಡರು. ಹಾಗೆ ಬಂದ ಗಿಡದಲ್ಲಿ ನಾಲ್ಕನೆಯ ಒಂದು ಪಾಲು ಹೊರಗಿನ ವಂಶವಾಹಿ ಉಳಿಯುತ್ತದೆ. ಮುಂದಿನ ಆಯ್ಕೆ ನಡೆಯುವುದು ವ್ಯಾಲೇಸ್ ಹುಡುಗನಾಗಿದ್ದಾಗ ಮಾಡಿದಂತೆಯೇ, ಸಾಲು ಸಾಲಾಗಿ ಬಿತ್ತಿ, ತೂಗಿ ನೋಡಿ.