ಸಾವಿನ ಲೆಕ್ಕ ಕೇಳಿದ ದಿವಾನರು

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯ ಹೆಸರು ನಾಡಿನಾದ್ಯಂತ ಆತಂಕದಿಂದ ಉಚ್ಚರಿಸಲ್ಪಟ್ಟಿತು. ಸುಮಾರು ನಲವತ್ತು ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತಕ್ಕೆ ಬಲಿಯಾದರೆಂಬ ಸುದ್ದಿ ಹಬ್ಬಿ, ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದರು. ಸರ್ಕಾರ ತಜ್ಞರ ಸಮಿತಿಯನ್ನು ನೇಮಿಸಿತು. 24 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದ ಸಮಿತಿ, ಅವೆಲ್ಲವೂ ಹೃದಯದ ಕಾಯಿಲೆಯಿಂದ ಆದವಲ್ಲವೆಂದೂ ಜಿಲ್ಲೆಯಲ್ಲಿ ಅಸಹಜವಾದ ಏರಿಕೆ ಕಂಡುಬಂದಿಲ್ಲವೆಂದೂ ತಿಳಿಸಿತು. ಭೀತಿ ತಣ್ಣಗಾಯಿತು. ಆದರೆ ಅದು ಅಷ್ಟು ಬೇಗ ಹಬ್ಬಿದ್ದೇಕೆಂಬುದು ಯೋಚಿಸತಕ್ಕ ವಿಷಯ. ಹಿಂದಿನ ವರ್ಷ ಅದೇ ತಿಂಗಳಲ್ಲಿ ಎಷ್ಟು ಜನ ಯಾವ ಕಾರಣದಿಂದ ತೀರಿಕೊಂಡಿದ್ದರೆಂಬುದು ಜನಸಾಮಾನ್ಯರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೋಲಿಸಿ ನೋಡಲು ಲೆಕ್ಕವೇ ಕೈಯಲ್ಲಿಲ್ಲದಿದ್ದಾಗ ವದಂತಿಯೇ ಲೆಕ್ಕವಾಗುತ್ತದೆ.

ಇದೇ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಸಕಲೇಶಪುರ ಮತ್ತು ಆಲೂರಿನ ಬೆಟ್ಟಸಾಲಿನಲ್ಲಿ, ಜನರು ಯಾವುದರಿಂದ ಸಾಯುತ್ತಿದ್ದಾರೆಂಬ ಪ್ರಶ್ನೆ ನೂರು ವರ್ಷಗಳಿಗೂ ಹಿಂದೆ ಮೈಸೂರು ಸಂಸ್ಥಾನದ ದಿವಾನರ ಮೇಜಿನ ಮೇಲೆ ಬಂದು ಕುಳಿತಿತ್ತು. ಆ ದಿವಾನರು ಸರ್ ಎಂ. ವಿಶ್ವೇಶ್ವರಯ್ಯನವರು. ಅಣೆಕಟ್ಟು, ಕಾರ್ಖಾನೆ, ಬ್ಯಾಂಕು, ವಿಶ್ವವಿದ್ಯಾಲಯಗಳ ನಿರ್ಮಾಪಕರೆಂದು ಅವರನ್ನು ನಾವು ವರ್ಷವರ್ಷವೂ ಸ್ಮರಿಸುತ್ತೇವೆ. ಜನನ ಮರಣಗಳ ಪಟ್ಟಿಯನ್ನು ಆಯವ್ಯಯದ ಪಟ್ಟಿಯಷ್ಟೇ ಶ್ರದ್ಧೆಯಿಂದ ಓದುತ್ತಿದ್ದ ವಿಶ್ವೇಶ್ವರಯ್ಯನವರ ಪರಿಚಯ ಮಾತ್ರ ನಮಗೆ ಕಡಿಮೆ.

ಅವರು ಜನಿಸಿದ್ದು 1860ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ. ಆ ಕಾಲದ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಷ್ಯ ಇಪ್ಪತ್ತೈದು ವರ್ಷಗಳ ಆಸುಪಾಸಿನಲ್ಲಿತ್ತು. ಹಾಗೆಂದರೆ ಎಲ್ಲರೂ ಇಪ್ಪತ್ತೈದಕ್ಕೆ ಸಾಯುತ್ತಿದ್ದರೆಂದಲ್ಲ. ಹುಟ್ಟಿದ ಮಕ್ಕಳಲ್ಲಿ ದೊಡ್ಡ ಪಾಲು ತೊಟ್ಟಿಲಲ್ಲೇ ಕಣ್ಣು ಮುಚ್ಚುತ್ತಿದ್ದುದರಿಂದ ಸರಾಸರಿ ಅಷ್ಟು ಕೆಳಗಿಳಿದಿತ್ತು. ತಂದೆ ಶ್ರೀನಿವಾಸಶಾಸ್ತ್ರಿಗಳನ್ನು ಅವರು ಎಳವೆಯಲ್ಲೇ ಕಳೆದುಕೊಂಡರು. ತಾಯಿ ವೆಂಕಟಲಕ್ಷ್ಮಮ್ಮನವರ ಆಸರೆಯಲ್ಲಿ, ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರ ನೆರವಿನಿಂದ ಓದು ಮುಂದುವರಿಯಿತು. ಕೊಡವ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ಸೆಂಟ್ರಲ್ ಕಾಲೇಜಿನ ಓದಿನ ಖರ್ಚನ್ನು ತೂಗಿಸಿಕೊಂಡರು.

ಅವರು ಬೆಂಗಳೂರಿನಲ್ಲಿ ವಿದ್ಯಾರ್ಥಿಯಾಗಿದ್ದ ವರ್ಷಗಳಲ್ಲೇ 1876–78ರ ಮಹಾಕ್ಷಾಮ ಸಂಸ್ಥಾನವನ್ನು ಅಪ್ಪಳಿಸಿತು. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷಗಳಲ್ಲಿ ಆರರಲ್ಲೊಂದು ಪಾಲಿನಷ್ಟು ಜನ ಲೆಕ್ಕದಿಂದ ಮಾಯವಾಗಿದ್ದರು. ಅತಿ ಹೆಚ್ಚು ನೊಂದದ್ದು ಅವರ ತವರಾದ ಕೋಲಾರದ ಕಡೆಯಂಥ ಬಯಲುಸೀಮೆ. ಹದಿನಾರು ಹದಿನೇಳರ ಹರೆಯದಲ್ಲಿ ಇದನ್ನು ಕಂಡವರು ಮುಂದೆ ನೀರಿನ ಎಂಜಿನಿಯರಾದದ್ದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಹೇಳಲು ದಾಖಲೆ ಬೇಕಿಲ್ಲ ಎನಿಸುತ್ತದೆ. ಆದರೂ ಅದು ಈ ಲೇಖಕನ ಊಹೆ ಮಾತ್ರ.

1883ರಲ್ಲಿ ಪುಣೆಯ ವಿಜ್ಞಾನ ಕಾಲೇಜಿನಿಂದ ಮೊದಲ ಸ್ಥಾನದಲ್ಲಿ ಎಂಜಿನಿಯರಿಂಗ್ ಮುಗಿಸಿ, ಮರುವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಅಲ್ಲಿಂದ ಇಪ್ಪತ್ತೈದು ವರ್ಷಗಳ ಅವರ ಕೆಲಸದ ಬಹುಪಾಲು ನೇರವಾಗಿ ಸಾವಿನ ಪ್ರಮಾಣಕ್ಕೆ ಸಂಬಂಧಿಸಿದ್ದೆಂಬುದನ್ನು ಅವರ ಜೀವನಚರಿತ್ರೆಗಳು ಒತ್ತಿ ಹೇಳುವುದಿಲ್ಲ. ಸಿಂಧೂ ನದಿಯ ದಂಡೆಯ ಸುಕ್ಕೂರಿನಲ್ಲಿ ನದಿಯ ಮಣ್ಣುನೀರನ್ನು ನದಿಯ ಪಾತಳಿಯ ಮರಳಿನಲ್ಲೇ ಸೋಸಿ ಊರಿಗೆ ಕುಡಿಯಲು ಕೊಟ್ಟರು. ಸೂರತ್, ಪುಣೆ, ಏಡನ್ – ಎಲ್ಲೆಡೆ ಕುಡಿಯುವ ನೀರು ಇಲ್ಲವೇ ಒಳಚರಂಡಿ. ಮುಂಬಯಿ ಸರ್ಕಾರದ ಸ್ಯಾನಿಟರಿ ಎಂಜಿನಿಯರ್ ಎಂಬ ಹುದ್ದೆಯೂ ಅವರದಾಗಿತ್ತು. ಕಾಲರಾ ಕುಡಿಯುವ ನೀರಿನಿಂದ ಹರಡುತ್ತದೆಂಬುದು ಸ್ಥಿರಪಟ್ಟಿದ್ದ ಕಾಲ ಅದು. ಒಂದು ಕೊಳಾಯಿ ಒಂದು ಆಸ್ಪತ್ರೆಗಿಂತ ಹೆಚ್ಚು ಜೀವ ಉಳಿಸಬಲ್ಲದೆಂಬುದು ಅಂದಿನ ನಗರಗಳ ಅನುಭವ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಾಗ ನಿಜಾಮರ ಸರ್ಕಾರ ಕರೆಸಿಕೊಂಡದ್ದೂ ಇವರನ್ನೇ. ಅವರು ನೆರೆ ತಡೆಯುವ ಜಲಾಶಯಗಳ ಜೊತೆಗೆ ನಗರದ ಒಳಚರಂಡಿಯ ಯೋಜನೆಯನ್ನೂ ಹಾಕಿಕೊಟ್ಟರು.

1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದು, 1912ರ ನವೆಂಬರಿನಲ್ಲಿ ದಿವಾನರಾದರು. ಅವರ ಮುಂದಿದ್ದ ಸಂಸ್ಥಾನದಲ್ಲಿ ರೋಗ ಅರಮನೆಯನ್ನೂ ಬಿಟ್ಟಿರಲಿಲ್ಲ. ಚಾಮರಾಜೇಂದ್ರ ಒಡೆಯರು 1894ರಲ್ಲಿ ಕಲ್ಕತ್ತೆಯಲ್ಲಿ ಗಂಟಲುಮಾರಿಗೆ ಬಲಿಯಾದಾಗ ಅವರ ವಯಸ್ಸು ಮೂವತ್ತೊಂದು. ಅವರ ಮಗಳು ಕೃಷ್ಣಾಜಮ್ಮಣ್ಣಿಯವರನ್ನು ಕ್ಷಯರೋಗ ಕೊಂಡೊಯ್ದದ್ದು ವಿಶ್ವೇಶ್ವರಯ್ಯನವರ ದಿವಾನಗಿರಿಯ ಮೊದಲ ವರ್ಷದಲ್ಲೇ, 1913ರಲ್ಲಿ. ಪ್ಲೇಗು 1898ರಿಂದ ಬೆಂಗಳೂರು, ಮೈಸೂರು ನಗರಗಳನ್ನು ಮತ್ತೆ ಮತ್ತೆ ಖಾಲಿ ಮಾಡಿಸಿತ್ತು.

ಮಲೆನಾಡಿನ ಕಥೆ ಮಾತ್ರ ಬೇರೆಯೇ ಆಗಿತ್ತು. ಸಕಲೇಶಪುರ ಆಗ ಮಂಜರಾಬಾದ್ ತಾಲ್ಲೂಕು. ಇಂದು ಟಿಪ್ಪುವಿನ ನಕ್ಷತ್ರಾಕಾರದ ಕೋಟೆ ನೋಡಲು, ಬಿಸಿಲೆಯ ಮಂಜು ಕಾಣಲು ಬೆಂಗಳೂರಿನಿಂದ ವಾರಾಂತ್ಯಕ್ಕೆ ಹೋಗಿಬರುವ ಓದುಗರಿಗೆ ನಂಬುವುದು ಕಷ್ಟ. ಅಂದು ಮಲೆನಾಡಿಗೆ ವರ್ಗವೆಂದರೆ ಸರ್ಕಾರಿ ನೌಕರರಿಗೆ ಶಿಕ್ಷೆ. ಬಯಲುಸೀಮೆಯಂತೆ ಇಲ್ಲಿ ಬರವಿರಲಿಲ್ಲ. ಹೇಮಾವತಿ, ಅದಕ್ಕೆ ಸೇರುವ ನೂರಾರು ಹಳ್ಳ, ಕಣಿವೆಯ ಗದ್ದೆ, ಇಳಿಜಾರಿನ ಕಾಫಿ, ಏಲಕ್ಕಿ – ಅನ್ನಕ್ಕೆ ಕೊರತೆ ಕಡಿಮೆ. ಕೊಲ್ಲುತ್ತಿದ್ದುದು ಚಳಿಜ್ವರ. ಮಳೆಗಾಲದ ರಭಸ ಹಳ್ಳಗಳನ್ನು ತೊಳೆದು ಹಾಕಿದಾಗ ಜ್ವರ ತಗ್ಗುತ್ತಿತ್ತು. ನೀರು ತೆಳುವಾಗಿ ಹರಿಯುವ ತಿಂಗಳುಗಳಲ್ಲಿ ಮತ್ತೆ ಏರುತ್ತಿತ್ತು. ಗುಲ್ಮ ಊದಿ ಹೊಟ್ಟೆಯ ಎಡಕ್ಕೆ ಗಟ್ಟಿಯಾಗಿ ಕೈಗೆ ಸಿಗುವ ಜ್ವರಗಡ್ಡೆ ಮಕ್ಕಳಲ್ಲಿ ಸಾಮಾನ್ಯವಾಗಿತ್ತು. ಜ್ವರವೊಂದೇ ಕೊಲ್ಲದಿದ್ದರೂ ರಕ್ತ ಬತ್ತಿಸಿ, ಬಸುರಿ ಬಾಣಂತಿಯರನ್ನೂ ಎಳೆಯರನ್ನೂ ಬೇರೆ ಯಾವುದೋ ಸಣ್ಣ ಕಾಯಿಲೆಗೆ ಒಪ್ಪಿಸುತ್ತಿತ್ತು.

ದಿವಾನರ ಗಮನವನ್ನು ಸೆಳೆದದ್ದು ಮರುಕದ ವರದಿಗಳಲ್ಲ, ಅಂಕಿಗಳು. ಸಂಸ್ಥಾನದ ಒಟ್ಟು ಜನಸಂಖ್ಯೆ ಕ್ಷಾಮದ ನಂತರ ಚೇತರಿಸಿಕೊಂಡು 1911ರಲ್ಲಿ 58 ಲಕ್ಷ ದಾಟಿದ್ದರೂ ಮಲೆನಾಡಿನ ಹಲವು ತಾಲ್ಲೂಕುಗಳು ಬೆಳೆಯುವ ಬದಲು ಕುಗ್ಗುತ್ತಿದ್ದವು. ಅಲ್ಲಿ ಹುಟ್ಟಿದವರಿಗಿಂತ ಸತ್ತವರೇ ಹೆಚ್ಚು. ಅದರಲ್ಲೂ ಒಂದು ಮರೆಮಾಚುವಿಕೆ ಇತ್ತು. ಗಣತಿ ನಡೆಯುತ್ತಿದ್ದುದು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ. ಆಗ ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದಲೂ ಬಯಲಿನಿಂದಲೂ ಬಂದ ಕೂಲಿಯಾಳುಗಳು ಕಾಫಿ ತೋಟಗಳ ಲೈನುಗಳಲ್ಲಿ ಇರುತ್ತಿದ್ದರು. ಮಳೆಗೆ ಮುಂಚೆ ಅವರು ಊರಿಗೆ ಮರಳಿದರೆ ಉಳಿಯುವ ಸ್ಥಳೀಯರ ಸಂಖ್ಯೆ ಕಾಗದದ ಮೇಲಿದ್ದುದಕ್ಕಿಂತ ಕಡಿಮೆ. ಮರಣದ ಕಾರಣ ಬರೆಯುವವರು ಹಳ್ಳಿಯ ಪಟೇಲರು. ವೈದ್ಯರನ್ನೇ ಕಾಣದೆ ಸತ್ತವರ ರೋಗವನ್ನು ಅವರು ತಾನೇ ಹೇಗೆ ಬಲ್ಲರು? ಕಾಲರಾ, ಸಿಡುಬು, ಪ್ಲೇಗು ಎಂದು ಕಣ್ಣಿಗೆ ಕಾಣುವಂಥವನ್ನು ಬಿಟ್ಟರೆ ಉಳಿದ ಬಹುತೇಕ ಎಲ್ಲವೂ ಪುಸ್ತಕದಲ್ಲಿ ಜ್ವರವೆಂಬ ಒಂದೇ ಪದದಡಿ ಸೇರುತ್ತಿದ್ದವು.

ವಿಶ್ವೇಶ್ವರಯ್ಯನವರು ಮಲೆನಾಡು ಅಭಿವೃದ್ಧಿ ಯೋಜನೆಯನ್ನು ರೂಪಿಸಿದ್ದು ಈ ಹಿನ್ನೆಲೆಯಲ್ಲಿ. ದಿವಾನಗಿರಿಯ ಆರಂಭದ ವರ್ಷಗಳಲ್ಲೇ ಇದಕ್ಕಾಗಿ ಸಮಿತಿ ಏರ್ಪಟ್ಟಿತು, ಪ್ರತ್ಯೇಕ ಹಣ ದೊರೆಯಿತು. ಕುಡಿಯುವ ನೀರಿನ ಬಾವಿ, ಮನೆಗಳ ಸುತ್ತಲಿನ ಪೊದೆಗಳ ತೆರವು, ಕ್ವಿನೈನ್ ಹಂಚಿಕೆ, ದವಾಖಾನೆ, ರಸ್ತೆ, ಶಾಲೆ – ಜನಕ್ಷಯವನ್ನು ತಡೆಯಲು ಇವೆಲ್ಲ ಒಟ್ಟಿಗೆ ಬೇಕೆಂಬುದು ಅವರ ನಿಲುವು. ಮೈಸೂರು–ಅರಸೀಕೆರೆ ರೈಲುಮಾರ್ಗ ಹಾಸನವನ್ನು ಮುಟ್ಟಿದ್ದೂ ಅವರ ಕಾಲದಲ್ಲೇ. ಆ ತನಕ ಈ ಬೆಟ್ಟಗಳಿಗೆ ವೈದ್ಯರಾಗಲಿ ಔಷಧವಾಗಲಿ ತಲುಪಲು ಎತ್ತಿನ ಗಾಡಿಯೇ ಗತಿ.

ಯೋಜನೆ ಫಲಿಸಿತೇ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಚಳಿಜ್ವರದ ಮಟ್ಟಿಗೆ ಇಲ್ಲ. ಸೊಳ್ಳೆಯೇ ಮಲೇರಿಯ ಹರಡುತ್ತದೆಂಬುದನ್ನು ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ತೋರಿಸಿಕೊಟ್ಟಿದ್ದರು. ಆದರೆ ಅನಾಫಿಲಿಸ್ ಜಾತಿಯಲ್ಲಿ ಹತ್ತಾರು ಬಗೆ. ಮಲೆನಾಡಿನ ಹಂತಕಿ ಯಾವುದು, ಅದು ಎಲ್ಲಿ ಮೊಟ್ಟೆಯಿಡುತ್ತದೆ ಎಂಬುದು ಗೊತ್ತಾಗಲು ಇನ್ನೂ ಕಾಲು ಶತಮಾನ ಹಿಡಿಯಿತು. 1920ರ ದಶಕದ ಕೊನೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಆರೋಗ್ಯ ಇಲಾಖೆ ಸಕಲೇಶಪುರದ ನೆರೆಯ ಮೂಡಿಗೆರೆ ಮೊದಲಾದೆಡೆ ಮಲೇರಿಯ ಅಧ್ಯಯನ ಕೇಂದ್ರಗಳನ್ನು ತೆರೆಯಿತು. ಡಾ. ಸ್ವೀಟ್, ಡಾ. ಬಿ.ಎ. ರಾವ್ ಮುಂತಾದವರ ವರ್ಷಗಟ್ಟಲೆಯ ಶ್ರಮದಿಂದ ಚಿತ್ರ ಸ್ಪಷ್ಟವಾಯಿತು. ಮಲೆನಾಡಿನಲ್ಲಿ ಅಪರಾಧಿ ಅನಾಫಿಲಿಸ್ ಫ್ಲೂವಿಯಾಟಿಲಿಸ್. ಅದು ಕೊಳಚೆಯಲ್ಲಿ ಹುಟ್ಟುವ ಸೊಳ್ಳೆಯಲ್ಲ. ತಿಳಿಯಾಗಿ ಹರಿಯುವ ಹಳ್ಳದ ಹುಲ್ಲಂಚಿನಲ್ಲಿ ಹುಟ್ಟುವಂಥದು. ಮನೆಯ ಹಿತ್ತಿಲಿನ ಪೊದೆ ಕಡಿದರೆ ಅದಕ್ಕೇನೂ ತೊಂದರೆಯಿಲ್ಲ. ಯಾರೂ ಅನುಮಾನಿಸದಷ್ಟು ಸ್ವಚ್ಛವಾದ ನೀರೇ ಅದರ ತವರು. ಜೀವನವಿಡೀ ಸ್ವಚ್ಛ ನೀರಿಗಾಗಿ ದುಡಿದ ಎಂಜಿನಿಯರರಿಗೆ ಇದಕ್ಕಿಂತ ವಿಚಿತ್ರವಾದ ಎದುರಾಳಿ ಸಿಕ್ಕಿರಲಾರದು.

ಇದಕ್ಕಿಂತ ಕಹಿಯಾದ ಮತ್ತೊಂದು ಸಂಗತಿಯಿದೆ. ಕೃಷ್ಣರಾಜಸಾಗರದ ನೀರು 1930ರ ದಶಕದಲ್ಲಿ ಇರ್ವಿನ್ ನಾಲೆಯ ಮೂಲಕ, ಎಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯ ಮೂಲಕ, ಮಂಡ್ಯದ ಬಯಲಿಗೆ ಹರಿದಾಗ ಅದರ ಹಿಂದೆಯೇ ಮಲೇರಿಯವೂ ಬಂತು. ಅಲ್ಲಿಯ ಸೊಳ್ಳೆ ಬೇರೆ, ಅನಾಫಿಲಿಸ್ ಕ್ಯೂಲಿಸಿಫೇಸಿಸ್. ನಾಲೆಯಂಚಿನ ನಿಂತ ನೀರು ಅದಕ್ಕೆ ಹಿಡಿಸಿತು. ಬರದ ಸಾವನ್ನು ತಪ್ಪಿಸಲು ಕಟ್ಟಿದ ಅಣೆಕಟ್ಟು ಕೆಲಕಾಲ ಜ್ವರದ ಸಾವನ್ನು ತಂದಿತೆಂಬುದನ್ನು ಅಭಿಮಾನದ ಭರದಲ್ಲಿ ಮರೆಯಬಾರದು. ಅದನ್ನು ಹತೋಟಿಗೆ ತಂದದ್ದೂ ಅದೇ ಸಂಸ್ಥಾನದ ಆರೋಗ್ಯ ಇಲಾಖೆ ಎಂಬುದನ್ನೂ ಮರೆಯಬಾರದು.

1918ರಲ್ಲಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಪ್ರಾತಿನಿಧ್ಯ ನೀಡುವ ಪ್ರಶ್ನೆಯಲ್ಲಿ ಮಹಾರಾಜರೊಂದಿಗೆ ಅಭಿಪ್ರಾಯಭೇದ ಬಂದು ಅವರು ಅಧಿಕಾರ ಬಿಟ್ಟರು. ಆ ವಿವಾದದಲ್ಲಿ ಅವರ ಪಕ್ಷವೇ ಸರಿಯೆಂದು ಇಂದು ಹೇಳುವವರು ಕಡಿಮೆ. ಅದು ಪ್ರತ್ಯೇಕ ಲೇಖನದ ವಿಷಯ. ಅವರು ನಿರ್ಗಮಿಸುತ್ತಿದ್ದ ತಿಂಗಳುಗಳಲ್ಲೇ ಇನ್‌ಫ್ಲುಯೆಂಜಾ ಸಂಸ್ಥಾನಕ್ಕೆ ನುಗ್ಗಿ ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದಿತು. ದೇಶದಲ್ಲಿ ಸತ್ತವರು ಒಂದು ಕೋಟಿಗೂ ಮೀರಿ. 1921ರ ಗಣತಿಯಲ್ಲಿ ಭಾರತದ ಜನಸಂಖ್ಯೆ ಹಿಂದಿನ ದಶಕಕ್ಕಿಂತ ಇಳಿದಿತ್ತು. ಆ ನಂತರ ಎಂದೂ ಹಾಗಾಗಿಲ್ಲ. 1911–21ರ ದಶಕದಲ್ಲಿ ಭಾರತೀಯರ ಸರಾಸರಿ ಆಯುಷ್ಯ ಇಪ್ಪತ್ತು ವರ್ಷಗಳಿಗೆ ಕುಸಿದಿತ್ತೆಂದು ಅಂದಾಜು.

ಅಧಿಕಾರ ಬಿಟ್ಟ ಮೇಲೂ ಈ ಅಂಕಿಗಳು ಅವರನ್ನು ಬಿಡಲಿಲ್ಲ. 1920ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಭಾರತದ ಪುನರ್ನಿರ್ಮಾಣ ಕುರಿತ ಗ್ರಂಥದಲ್ಲೂ 1934ರ ಯೋಜಿತ ಅರ್ಥವ್ಯವಸ್ಥೆಯ ಗ್ರಂಥದಲ್ಲೂ ಅವರು ದೇಶದೇಶಗಳ ಸ್ಥಿತಿಗತಿಗಳನ್ನು ಅಂಕಿಗಳಿಂದ ಅಕ್ಕಪಕ್ಕ ಇಟ್ಟು ಹೋಲಿಸಿದರು. ಅಲ್ಪಾಯುಷ್ಯ ಅವರ ಪಾಲಿಗೆ ವಿಧಿಯಾಗಿರಲಿಲ್ಲ, ಬಡತನದ ಇನ್ನೊಂದು ಹೆಸರಾಗಿತ್ತು.

ಅವರು 1955ರಲ್ಲಿ ಭಾರತರತ್ನರಾದರು. 1960ರಲ್ಲಿ ಶತಮಾನೋತ್ಸವದ ಅಂಚೆಚೀಟಿಯನ್ನು ಬದುಕಿದ್ದಾಗಲೇ ಕಂಡರು. ಅಷ್ಟರಲ್ಲಿ ಮಲೆನಾಡು ಬದಲಾಗಿತ್ತು. 1940ರ ದಶಕದ ಕೊನೆಗೆ ಡಿಡಿಟಿ ಬಂದಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಆರಂಭವಾದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯ ತಗುಲಿ ಎಂಟು ಲಕ್ಷ ಜನ ಸಾಯುತ್ತಿದ್ದರೆಂದು ಅಂದಾಜಿತ್ತು. 1960ರ ದಶಕದ ಆರಂಭಕ್ಕೆ ವರದಿಯಾದ ಪ್ರಕರಣಗಳು ಲಕ್ಷದೊಳಗೆ ಇಳಿದವು. ಎಪ್ಪತ್ತರ ದಶಕದಲ್ಲಿ ರೋಗ ಮರುಕಳಿಸಿತಾದರೂ ಹಳೆಯ ಪ್ರಮಾಣದ ಸಾವು ಮರಳಲಿಲ್ಲ. 1950ರ ದಶಕದಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಕೂಡಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನ ಗುಡ್ಡಗಾಡಿನ ಹಳ್ಳಿಗಳನ್ನು ಬಯಲಿನ ಹಳ್ಳಿಗಳಿಂದ ಬೇರೆಯಾಗಿಯೇ ಎಣಿಸಿತು.

ಇಂದು ಸಕಲೇಶಪುರ, ಆಲೂರಿನಿಂದ ಸಾವಿನ ಸುದ್ದಿ ಬಂದರೆ ಅದು ಹೆಚ್ಚಾಗಿ ಕಾಡಾನೆ ತುಳಿತದ್ದು. ಹೃದ್ರೋಗ, ಪಾರ್ಶ್ವವಾಯು, ಮಧುಮೇಹಗಳಿಂದ ಸದ್ದಿಲ್ಲದೆ ಸಾಯುವವರು ಸುದ್ದಿಯಾಗುವುದಿಲ್ಲ. ದೇಶದಲ್ಲಿ ಅಂಟುರೋಗವಲ್ಲದ ಕಾಯಿಲೆಗಳ ಪಾಲು 1990ರಲ್ಲಿ ಒಟ್ಟು ಸಾವುಗಳ ಶೇ. 38ರಷ್ಟಿದ್ದುದು 2016ಕ್ಕೆ ಶೇ. 62ಕ್ಕೆ ಏರಿತು. ಸರಾಸರಿ ಆಯುಷ್ಯ ಎಪ್ಪತ್ತನ್ನು ಮುಟ್ಟಿದೆ. ಆದರೂ 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ಶೇ. 22.5 ಮಾತ್ರ. ಪಟೇಲರ ಪುಸ್ತಕದಲ್ಲಿ ಜ್ವರವೆಂದಿದ್ದ ಜಾಗದಲ್ಲಿ ಈಗ ಜನರ ಬಾಯಲ್ಲಿ ಹೃದಯಾಘಾತವೆಂಬ ಪದ ಬಂದು ಕುಳಿತಿದೆ.

1962ರ ಏಪ್ರಿಲ್ 14ರಂದು, ನೂರೊಂದು ವರ್ಷ ತುಂಬಿದ್ದ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ದೇಶದ ಸರಾಸರಿ ಆಯುಷ್ಯ ಆಗ ನಲವತ್ತೊಂದರ ಆಸುಪಾಸಿನಲ್ಲಿತ್ತು. ಹುಟ್ಟೂರು ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ. ಆ ವರ್ಷಗಳಲ್ಲಿ ಮಲೇರಿಯ ಇಲಾಖೆಯ ಆಳುಗಳು ಪಂಪು ಹೊತ್ತು ಮನೆಮನೆಗೆ ಹೋಗಿ ಔಷಧ ಸಿಂಪಡಿಸಿ, ಸಿಂಪಡಿಸಿದ ದಿನಾಂಕವನ್ನು ಬಾಗಿಲ ಪಕ್ಕದ ಗೋಡೆಯ ಮೇಲೆ ಬರೆದು ಮುಂದಿನ ಮನೆಗೆ ನಡೆಯುತ್ತಿದ್ದರು.